ಕೈ ಪಳಗಿದಷ್ಟೂ ಬೆರಗು ಕಡಿಮೆಯಾಗುತ್ತದೆಯೇ? ಒಂದೇ ಜಾದೂ ಪ್ರಯೋಗವನ್ನು ಹನ್ನೊಂದು ವರ್ಷ ತಿದ್ದಿದ ಮೇಲೆ ಎದ್ದ ಪ್ರಶ್ನೆ

ಮೂರುಬಟ್ಟಲು:
ಬೋರಲು ಹಾಕಿದ ಬಟ್ಟಲುಗಳ ಕೆಳಗೆ ಪುಟ್ಟ ಚೆಂಡುಗಳು ಮಾಯವಾಗಿ ಮತ್ತೆ ಕಾಣಿಸಿಕೊಳ್ಳುವ, ಬಟ್ಟಲು ಮತ್ತು ಚೆಂಡುಗಳ ಜಾದೂ ಪ್ರಯೋಗವನ್ನು ನಾನು ಹನ್ನೊಂದು ವರ್ಷಗಳಿಂದ ಮಾಡುತ್ತಿದ್ದೇನೆ. ಬೇರೆ ಎಷ್ಟೋ ಪ್ರಯೋಗಗಳನ್ನು ಕಲಿತು ಕೈಬಿಟ್ಟಿದ್ದೇನೆ, ಇದೊಂದನ್ನು ಬಿಡಲು ಮನಸ್ಸು ಬರಲಿಲ್ಲ. ಮೊದಲ ಎರಡು ವರ್ಷ ಯಾರಿಗೂ ತೋರಿಸದೆ ಅಭ್ಯಾಸ ಮಾಡಿದೆ. ಅನಂತರ ಮುನ್ನೂರಕ್ಕೂ ಹೆಚ್ಚು ಬಾರಿ ಜನರ ಮುಂದೆ ಮಾಡಿದ್ದೇನೆ. ಪ್ರತಿ ಪ್ರದರ್ಶನದ ಬಳಿಕ ಎಲ್ಲಿ ತಡವರಿಸಿದೆ, ಏನು ಜಾರಿತು ಎಂದು ಬರೆದಿಟ್ಟು, ಮರುದಿನ ಅದೇ ಜಾಗವನ್ನು ಹಿಡಿದು ತಿದ್ದಿದ್ದೇನೆ. ಚೆಂಡು ಒಂದು ಕೈಯಿಂದ ಇನ್ನೊಂದಕ್ಕೆ ಹೋದಂತೆ ತೋರಿಸುವುದಾಗಲಿ, ಬಟ್ಟಲಿನ ಕೆಳಗೆ ಗುಟ್ಟಾಗಿ ಚೆಂಡು ಸೇರಿಸುವುದಾಗಲಿ ಈಗ ನನಗೆ ನಡಿಗೆಯಷ್ಟೇ ಸಲೀಸಾಗಿದೆ.

ಕಷ್ಟ ಶುರುವಾಗಿರುವುದು ಇಲ್ಲಿಂದಲೇ. ಮೊದಮೊದಲು ಬಟ್ಟಲು ಎತ್ತಿದಾಗ ಜನರು ಒಂದು ಕ್ಷಣ ಮಾತೇ ಆಡುತ್ತಿರಲಿಲ್ಲ. ಯಾರಾದರೊಬ್ಬರು ಬಟ್ಟಲನ್ನು ಕೈಗೆತ್ತಿಕೊಂಡು ಒಳಗೆ ಇಣುಕಿ ನೋಡುತ್ತಿದ್ದರು. ಈಗ ಚಪ್ಪಾಳೆ ಹೆಚ್ಚಾಗಿದೆ, ಆದರೆ ಪ್ರದರ್ಶನ ಮುಗಿದ ಮೇಲೆ ಕೇಳಿಬರುವ ಮಾತು ಒಂದೇ: "ನಿಮ್ಮ ಕೈ ಎಷ್ಟು ವೇಗ!" ಎರಡು ವರ್ಷಗಳಿಂದ ಬಟ್ಟಲನ್ನು ಎತ್ತಿ ನೋಡಿದವರು ಒಬ್ಬರೂ ಇಲ್ಲ. ಕೈ ಸುಧಾರಿಸಿದ ಹಾಗೆಲ್ಲ ಬೆರಗು ಸೋರಿಹೋಗುತ್ತಿದೆ ಎನ್ನುವುದು ನನ್ನ ಅನುಮಾನ. ನಿಮಗೆ ಹೀಗಾಗಿದೆಯೇ? ತಿದ್ದುವುದನ್ನು ಯಾವಾಗ ನಿಲ್ಲಿಸಬೇಕು?

ಎಡಗೈ:
"ಕೈ ವೇಗ" ಎನ್ನುವುದು ಹೊಗಳಿಕೆಯಲ್ಲ, ದೂರು. ಏನೋ ನಡೆಯಿತು, ಎಲ್ಲಿ ಎಂದು ಗೊತ್ತಾಗಲಿಲ್ಲ ಎಂದು ಅವರು ಹೇಳುತ್ತಿದ್ದಾರೆ. ಅವರು ಏನನ್ನೂ ಅನುಮಾನಿಸದೆ ಇದ್ದಿದ್ದರೆ ವೇಗದ ಮಾತೇ ಬರುತ್ತಿರಲಿಲ್ಲ.

ತೆರೆಮರೆ:
ಎಡಗೈ ಅವರ ಮಾತನ್ನು ಒಪ್ಪುತ್ತೇನೆ, ಆದರೆ ಅಷ್ಟಕ್ಕೇ ನಿಲ್ಲಬಾರದು. ಮೂರುಬಟ್ಟಲು ಅವರು ಬರೆದಿಟ್ಟಿರುವುದೆಲ್ಲ ತಮ್ಮ ಕೈಯ ಲೆಕ್ಕ: ಎಲ್ಲಿ ಜಾರಿತು, ಎಲ್ಲಿ ತಡವರಿಸಿದೆ. ಪ್ರೇಕ್ಷಕರ ಲೆಕ್ಕ ಅದರಲ್ಲಿ ಎಲ್ಲಿಯೂ ಕಾಣುತ್ತಿಲ್ಲ. ನಾನು ಹಗ್ಗದ ಪ್ರಯೋಗವೊಂದನ್ನು ಬಹಳ ವರ್ಷ ಹೀಗೆಯೇ ತಿದ್ದಿದೆ. ಒಮ್ಮೆ, ಪ್ರದರ್ಶನ ನೋಡಿದ ಪರಿಚಯದವರೊಬ್ಬರನ್ನು ಎರಡು ದಿನ ಬಿಟ್ಟು ಭೇಟಿಯಾಗಿ, ನೀವು ಕಂಡದ್ದನ್ನು ನನಗೆ ಕಥೆಯ ಹಾಗೆ ಹೇಳಿ ಎಂದು ಕೇಳಿಕೊಂಡೆ. ಅವರ ಕಥೆಯಲ್ಲಿ ಹಗ್ಗ ಒಂದೇ ಸಲ ತುಂಡಾಗಿ ಒಂದೇ ಸಲ ಕೂಡಿಕೊಂಡಿತ್ತು. ನಾನು ಮೂರು ಸಲ ತುಂಡರಿಸಿ ಮೂರು ಸಲ ಕೂಡಿಸಿದ್ದೆ. ಆ ಎರಡನೆಯ ಮತ್ತು ಮೂರನೆಯ ಸಲಕ್ಕಾಗಿ ನಾನು ಕಳೆದ ತಿಂಗಳುಗಳು ಅವರ ನೆನಪಿನಲ್ಲಿ ಒಂದು ಗೆರೆಯನ್ನೂ ಮೂಡಿಸಿರಲಿಲ್ಲ.

ಅಂದಿನಿಂದ ನನ್ನ ಟಿಪ್ಪಣಿ ಪುಸ್ತಕದಲ್ಲಿ ಪ್ರತಿ ಪುಟಕ್ಕೂ ಎರಡು ಅಂಕಣಗಳಿವೆ. ಎಡಗಡೆ ನಾನು ಮಾಡಿದ್ದು, ಬಲಗಡೆ ಅವರು ಕಂಡೆವೆಂದು ಹೇಳಿದ್ದು. ತಿದ್ದಬೇಕಾದ ಜಾಗ ಸಿಕ್ಕುವುದು ಬಲಗಡೆಯ ಅಂಕಣದಲ್ಲಿಯೇ.

ಹೊಸಬೆರಳು:
ನಾನು ಕಲಿಯಲು ಆರಂಭಿಸಿ ಒಂದೂವರೆ ವರ್ಷವಾಯಿತು. ಯಾವುದೇ ವಿದ್ಯೆಯಲ್ಲಿ ಪರಿಣತಿ ಬರಲು ಹತ್ತು ಸಾವಿರ ಗಂಟೆಗಳ ಅಭ್ಯಾಸ ಬೇಕು ಎಂದು ಸಂಶೋಧನೆಯೇ ತೋರಿಸಿದೆಯಲ್ಲವೇ? ಹಾಗಿದ್ದರೆ ಇಲ್ಲಿ ಹಿರಿಯರು ಚಿಂತಿಸುತ್ತಿರುವುದು ಆ ಗೆರೆಯನ್ನು ದಾಟುವ ಮೊದಲೋ, ದಾಟಿದ ಮೇಲೋ?

ಲೆಕ್ಕದಎಲೆ:
ಹೊಸಬೆರಳು, ಅಂತಹ ಗೆರೆ ಯಾವುದೂ ಇಲ್ಲ. ಮನಶ್ಶಾಸ್ತ್ರಜ್ಞ ಆ್ಯಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನ ವಯೊಲಿನ್ ವಿದ್ಯಾರ್ಥಿಗಳನ್ನು ಕುರಿತದ್ದು. ಅವರಲ್ಲಿ ಅತ್ಯುತ್ತಮರಾದವರು ಇಪ್ಪತ್ತನೆಯ ವಯಸ್ಸಿಗೆ ಒಂಟಿಯಾಗಿ ಮಾಡಿದ್ದ ಅಭ್ಯಾಸದ ಸರಾಸರಿ ಸುಮಾರು ಹತ್ತು ಸಾವಿರ ಗಂಟೆಗಳಷ್ಟಿತ್ತು. ಅದು ಸರಾಸರಿಯೇ ಹೊರತು ದಾಟಲೇಬೇಕಾದ ಹೊಸ್ತಿಲಲ್ಲ. ಆ ಅಧ್ಯಯನದಲ್ಲಿ ನಿಜಕ್ಕೂ ಮುಖ್ಯವಾದ ಅಂಶವೆಂದರೆ ಅಭ್ಯಾಸದ ಬಗೆ: ತನಗೆ ಬಾರದ ಭಾಗವನ್ನೇ ಗುರುತಿಸಿ, ಪೂರ್ಣ ಗಮನವಿಟ್ಟು, ತಪ್ಪು ತಿಳಿಯುವ ವ್ಯವಸ್ಥೆಯೊಂದಿಗೆ ಮಾಡುವ ಅಭ್ಯಾಸ. ಬಂದದ್ದನ್ನೇ ಸಾವಿರ ಸಲ ಮಾಡಿದರೆ ಗಂಟೆಗಳು ಕೂಡುತ್ತವೆಯೇ ವಿನಾ ವಿದ್ಯೆ ಕೂಡುವುದಿಲ್ಲ.

ನನ್ನದು ಇಸ್ಪೀಟಿನ ಕೆಲಸ, ಅಲ್ಲಿ ತಪ್ಪು ತಿಳಿಯುವುದು ಕೆಲವೊಮ್ಮೆ ಬಹಳ ಸುಲಭ. ಕಟ್ಟನ್ನು ಸರಿಯಾಗಿ ಎರಡು ಪಾಲು ಮಾಡಿ, ಎಲೆಗಳನ್ನು ಒಂದೊಂದಾಗಿ ಹೆಣೆಯುವ ಫಾರೋ ವಿಧಾನದಲ್ಲಿ ಎಂಟು ಬಾರಿ ತಪ್ಪಿಲ್ಲದೆ ಕಲಸಿದರೆ 52 ಎಲೆಗಳೂ ಮೊದಲಿದ್ದ ಕ್ರಮಕ್ಕೆ ಮರಳುತ್ತವೆ. ಮರಳದಿದ್ದರೆ ಎಲ್ಲೋ ತಪ್ಪಿದೆ. ಬಟ್ಟಲು ಚೆಂಡಿಗೆ ಇಂತಹ ತೀರ್ಪುಗಾರ ಇಲ್ಲ.

ಎಡಗೈ:
ಚಿಕ್ಕದೊಂದು ತಿದ್ದುಪಡಿ. ಮೇಲಿನ ಎಲೆ ಮೇಲೆಯೇ, ಕೆಳಗಿನ ಎಲೆ ಕೆಳಗೆಯೇ ಉಳಿಯುವಂತೆ ಹೆಣೆದರೆ ಮಾತ್ರ ಎಂಟು ಸಾಕು. ಮೇಲಿನ ಎಲೆ ಎರಡನೆಯ ಸ್ಥಾನಕ್ಕೆ ಇಳಿಯುವಂತೆ ಹೆಣೆದರೆ ಮೂಲ ಕ್ರಮಕ್ಕೆ ಮರಳಲು ಐವತ್ತೆರಡು ಬಾರಿ ಕಲಸಬೇಕು. ಹೊಸಬರು ಇದನ್ನು ತಿಳಿಯದೆ ತಮ್ಮ ಕೈಯನ್ನೇ ದೂರುತ್ತಾ ಕೂರುತ್ತಾರೆ.

ಲೆಕ್ಕದಎಲೆ:
ಸರಿ, ಅದನ್ನು ಸ್ಪಷ್ಟಪಡಿಸಬೇಕಾಗಿತ್ತು. ಧನ್ಯವಾದಗಳು.

ಕನ್ನಡಿಗಣ್ಣು:
ಮೂರುಬಟ್ಟಲು ಅವರೇ, ನೀವು ಅಭ್ಯಾಸ ಮಾಡುವುದು ಕನ್ನಡಿಯ ಮುಂದೆಯೋ, ಕ್ಯಾಮೆರಾದ ಮುಂದೆಯೋ? ನಾನು ಏಳು ವರ್ಷ ಕನ್ನಡಿಯನ್ನೇ ನಂಬಿದ್ದೆ. ಗುಟ್ಟಿನ ಚಲನೆ ಬಂದ ಕ್ಷಣದಲ್ಲಿಯೇ ನಾನು ಕಣ್ಣು ಮಿಟುಕಿಸುತ್ತೇನೆ ಎನ್ನುವುದು ಮೊದಲ ಬಾರಿಗೆ ವಿಡಿಯೊ ತೆಗೆದಾಗ ತಿಳಿಯಿತು. ನನ್ನ ತಪ್ಪನ್ನು ನೋಡಲು ನನ್ನ ಕಣ್ಣುಗಳೇ ಒಪ್ಪುತ್ತಿರಲಿಲ್ಲ. ಕನ್ನಡಿಗೆ ಇನ್ನೊಂದು ದೋಷವಿದೆ. ಕೈಯನ್ನು ಪರೀಕ್ಷಿಸಲು ನಾವು ಸದಾ ಎದುರಿನ ಪ್ರತಿಬಿಂಬವನ್ನು ನೋಡುತ್ತಿರುತ್ತೇವೆ, ಕ್ರಮೇಣ ಕೈಯಲ್ಲಿ ಏನೇ ನಡೆದರೂ ದೃಷ್ಟಿ ಎದುರಿಗೇ ನೆಟ್ಟಿರುವ ಅಭ್ಯಾಸವಾಗಿಬಿಡುತ್ತದೆ. ಪ್ರದರ್ಶನದಲ್ಲಿ ಅದು ಬಹಳ ವಿಚಿತ್ರವಾಗಿ ಕಾಣುತ್ತದೆ.

ಹಳೆಗಂಟು:
ಕನ್ನಡಿಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ಪಕ್ಕದಲ್ಲಿ ಕುಳಿತವರಿಗೆ ಅಂಗೈ ಕಾಣುತ್ತದೆಯೇ ಎಂದು ಪರೀಕ್ಷಿಸಲು ಮೂರು ಮಡಿಕೆಯ ಕನ್ನಡಿಯಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಚಲನೆಯನ್ನು ಕಟ್ಟುವಾಗ ಕನ್ನಡಿ ಬೇಕು, ಕಟ್ಟಿದ ಮೇಲೆ ಬೇಡ. ನಾನು ಕಲಿತ ಕಾಲದಲ್ಲಿ ಮನೆಯಲ್ಲಿ ವಿಡಿಯೊ ತೆಗೆಯುವ ಅನುಕೂಲವೇ ಇರಲಿಲ್ಲ, ಆಗಲೂ ಉತ್ತಮ ಜಾದೂಗಾರರು ಇದ್ದರು.

ಕನ್ನಡಿಗಣ್ಣು:
ಇದ್ದರು ಎನ್ನುವುದನ್ನು ಒಪ್ಪುತ್ತೇನೆ. ಆದರೆ ಅವರು ಕನ್ನಡಿಯಿಂದ ಉತ್ತಮರಾದರೋ, ಪ್ರತಿ ರಾತ್ರಿ ಜನರ ಮುಂದೆ ನಿಂತದ್ದರಿಂದಲೋ ಎನ್ನುವುದು ಬೇರೆಯೇ ಪ್ರಶ್ನೆ.

ನೋಟದಜಾಡು:
ದೃಷ್ಟಿಯ ಮಾತು ಬಂದದ್ದು ಒಳ್ಳೆಯದಾಯಿತು, ಏಕೆಂದರೆ ಮೂಲ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ ಎಂದು ನನಗೆ ತೋರುತ್ತದೆ. ಸಂಶೋಧಕರಾದ ಗುಸ್ತಾವ್ ಕುನ್ ಮತ್ತು ಮೈಕೆಲ್ ಲ್ಯಾಂಡ್ 2006ರಲ್ಲಿ ಒಂದು ಹಳೆಯ ಪ್ರಯೋಗವನ್ನು ಪರೀಕ್ಷೆಗೆ ಒಡ್ಡಿದರು. ಜಾದೂಗಾರ ಚೆಂಡನ್ನು ಎರಡು ಬಾರಿ ನಿಜವಾಗಿ ಮೇಲಕ್ಕೆ ಎಸೆದು ಹಿಡಿಯುತ್ತಾನೆ, ಮೂರನೆಯ ಬಾರಿ ಎಸೆದಂತೆ ನಟಿಸಿ ಕೈಯಲ್ಲಿಯೇ ಉಳಿಸಿಕೊಳ್ಳುತ್ತಾನೆ. ಆ ಮೂರನೆಯ ಬಾರಿ ಅವನು ಇಲ್ಲದ ಚೆಂಡಿನ ಹಿಂದೆ ಕಣ್ಣನ್ನು ಮೇಲಕ್ಕೆ ಕಳುಹಿಸಿದಾಗ, ನೋಡಿದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಚೆಂಡು ಮೇಲೆ ಹೋದದ್ದನ್ನು ಕಂಡೆವೆಂದೇ ಹೇಳಿದರು. ಅವನು ತನ್ನ ಕೈಯನ್ನೇ ನೋಡುತ್ತಿದ್ದ ಇನ್ನೊಂದು ವಿಡಿಯೊದಲ್ಲಿ ಹಾಗೆ ಹೇಳಿದವರು ಸುಮಾರು ಮೂರರಲ್ಲಿ ಒಂದು ಪಾಲು. ಜಾದೂಗಾರನ ಕಣ್ಣು ಎಲ್ಲಿ ಹೋಯಿತೋ ಚೆಂಡೂ ಅಲ್ಲಿಗೇ ಹೋಯಿತು ಎನ್ನಬಹುದು.

ಆದ್ದರಿಂದ ಮೂರುಬಟ್ಟಲು ಅವರಿಗೆ ನನ್ನ ವಿನಂತಿ ಇಷ್ಟೆ: ಹಳೆಯ ಪ್ರದರ್ಶನದ ವಿಡಿಯೊ ಇದ್ದರೆ, ಅದನ್ನೂ ಇತ್ತೀಚಿನದನ್ನೂ ಒಟ್ಟಿಗೆ ಇಟ್ಟುಕೊಂಡು, ಕೈಯನ್ನು ಒಂದು ಬಾರಿಯೂ ನೋಡದೆ, ನಿಮ್ಮ ಕಣ್ಣುಗಳನ್ನು ಮಾತ್ರ ನೋಡಿ.

ಎಡಗೈ:
ಮಿಸ್‌ಡೈರೆಕ್ಷನ್ (ನೋಡುಗರ ಗಮನವನ್ನು ಬೇರೆಡೆಗೆ ತಿರುಗಿಸುವುದು) ಎಂದು ಎಲ್ಲರೂ ಕರೆಯುವುದು ಇದನ್ನೇ ತಾನೇ?

ತೆರೆಮರೆ:
ಆ ಪದವೇ ತಪ್ಪು ದಾರಿಗೆ ಎಳೆಯುತ್ತದೆ ಎಂದು ಡಚ್ ಜಾದೂಗಾರ ಟಾಮಿ ವಂಡರ್ ವಾದಿಸುತ್ತಿದ್ದರು. ಗಮನವನ್ನು ಒಂದರಿಂದ ದೂರ ತಳ್ಳುವುದಕ್ಕಿಂತ, ನೋಡಲು ಯೋಗ್ಯವಾದ ಇನ್ನೊಂದರ ಕಡೆಗೆ ಕರೆದೊಯ್ಯುವುದು ಮುಖ್ಯ ಎನ್ನುವುದು ಅವರ ನಿಲುವು. ನನಗೂ ಅದೇ ಸರಿ ಎನಿಸುತ್ತದೆ. ಅಡಗಿಸಬೇಕು ಎಂಬ ಚಿಂತೆಯಲ್ಲಿ ತಿದ್ದಿದ ಚಲನೆಗೂ, ತೋರಿಸಬೇಕು ಎಂಬ ಚಿಂತೆಯಲ್ಲಿ ತಿದ್ದಿದ ಚಲನೆಗೂ ವರ್ಷಗಳ ಬಳಿಕ ಅಜಗಜಾಂತರ ಕಾಣುತ್ತದೆ.

ಮೂರುಬಟ್ಟಲು:
ಎರಡು ದಿನ ಹಳೆಯ ಪ್ರದರ್ಶನಗಳ ವಿಡಿಯೊಗಳನ್ನು ನೋಡಿದೆ. ನೋಟದಜಾಡು ಅವರಿಗೆ ಹೇಗೆ ಕೃತಜ್ಞತೆ ಹೇಳಲಿ ಎಂದು ತಿಳಿಯುತ್ತಿಲ್ಲ.

ಎಂಟು ವರ್ಷಗಳ ಹಿಂದಿನ ವಿಡಿಯೊದಲ್ಲಿ ನಾನು ಚೆಂಡನ್ನು ಎಡಗೈಗೆ ಹಾಕಿದಂತೆ ನಟಿಸುವಾಗ ನನ್ನ ಕಣ್ಣು ಎಡಗೈಯಲ್ಲಿಯೇ ನೆಟ್ಟಿದೆ, ಬೆರಳುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ, ಉಸಿರು ಕೂಡ ಒಂದು ಕ್ಷಣ ನಿಂತಂತೆ ಕಾಣುತ್ತದೆ. ಅದು ನಟನೆಯಾಗಿರಲಿಲ್ಲ. ಎಲ್ಲಿ ತಪ್ಪಿಹೋಗುತ್ತದೋ ಎನ್ನುವ ಭಯದಲ್ಲಿ ನಾನು ನಿಜಕ್ಕೂ ಆ ಕೈಯನ್ನು ಕಾಯುತ್ತಿದ್ದೆ, ಹಾಗಾಗಿ ನೋಡುವವರೂ ಅದನ್ನೇ ಕಾಯುತ್ತಿದ್ದರು. ಇತ್ತೀಚಿನ ವಿಡಿಯೊದಲ್ಲಿ ಕೈ ಎಲ್ಲವನ್ನೂ ತಾನೇ ಮಾಡಿಕೊಳ್ಳುತ್ತದೆ, ನಾನು ಆಗಲೇ ಮುಂದಿನ ಮಾತನ್ನು ಆಡುತ್ತಾ ಜನರ ಮುಖ ನೋಡುತ್ತಿದ್ದೇನೆ. ಚೆಂಡು ಎಡಗೈಯಲ್ಲಿದೆ ಎಂದು ನಾನೇ ನಂಬುತ್ತಿಲ್ಲ ಎನ್ನುವುದು ಚಿತ್ರದಲ್ಲಿ ಎದ್ದು ಕಾಣುತ್ತದೆ. ಕೈ ಕಲಿತ ದಿನ ಕಣ್ಣು ಕೆಲಸ ಬಿಟ್ಟಿದೆ, ಅದು ಕೆಲಸ ಬಿಟ್ಟದ್ದು ನನಗೆ ಇಷ್ಟು ವರ್ಷ ತಿಳಿಯಲೇ ಇಲ್ಲ.

ಹೊಸಬೆರಳು:
ಹಾಗಾದರೆ ಯೋಚಿಸದೆ ಮಾಡುವಷ್ಟು ಅಭ್ಯಾಸ ಮಾಡು ಎಂದು ಎಲ್ಲರೂ ಹೇಳುವುದು ತಪ್ಪೇ? ಇದನ್ನು ಓದಿ ನನಗೆ ಗೊಂದಲವಾಗಿದೆ.

ಹಳೆಗಂಟು:
ತಪ್ಪಲ್ಲ. ಫ್ರಾನ್ಸಿನ ಜಾದೂಗಾರ ರಾಬರ್ಟ್ ಹೂಡಿನ್ ಯೌವನದಲ್ಲಿ ನಾಲ್ಕು ಚೆಂಡುಗಳನ್ನು ಗಾಳಿಯಲ್ಲಿ ಆಡಿಸುವುದನ್ನು ಕಲಿತರು. ಆಮೇಲೆ ಚೆಂಡುಗಳನ್ನು ಆಡಿಸುತ್ತಲೇ ಎದುರಿಗೆ ಪುಸ್ತಕವಿಟ್ಟು ಓದುವುದನ್ನು ರೂಢಿಸಿಕೊಂಡರು. ಮೂವತ್ತು ವರ್ಷಗಳ ಕಾಲ ಹೆಚ್ಚುಕಡಿಮೆ ಮುಟ್ಟದೆ ಇದ್ದರೂ ಮೂರು ಚೆಂಡುಗಳನ್ನು ಆಡಿಸುತ್ತಾ ಸಲೀಸಾಗಿ ಓದಬಲ್ಲೆ ಎಂದು ಅವರು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಕೈ ತಾನಾಗಿ ನಡೆಯಬೇಕು, ಅದರಲ್ಲಿ ವಾದವಿಲ್ಲ. ಬಿಡುವಾದ ಮನಸ್ಸು ಎಲ್ಲಿಗೆ ಹೋಗಬೇಕು ಎನ್ನುವುದನ್ನು ನಾವು ಕಲಿಸಿಲ್ಲ, ತೊಡಕು ಇರುವುದು ಅಲ್ಲಿ. ರಾಬರ್ಟ್ ಹೂಡಿನ್ ಬಿಡುವಾದ ಮನಸ್ಸಿಗೆ ಓದುವ ಕೆಲಸ ಕೊಟ್ಟರು. ನಾವು ಅದಕ್ಕೆ ಇಲ್ಲದ ಚೆಂಡನ್ನು ನೋಡಿಕೊಳ್ಳುವ ಕೆಲಸ ಕೊಡಬೇಕು.

ಗುಟ್ಟುಕಾವಲು:
ಚರ್ಚೆ ಚೆನ್ನಾಗಿದೆ, ಆದರೆ ಚೆಂಡು ನಿಜವಾಗಿ ಯಾವ ಕೈಯಲ್ಲಿರುತ್ತದೆ ಎನ್ನುವುದನ್ನೆಲ್ಲ ಇಷ್ಟು ಬಿಡಿಸಿ ಬರೆಯಬೇಕೇ? ಕಲಿಯದವರೂ ಇದನ್ನು ಓದುತ್ತಾರೆ. ಪ್ರಾಚೀನ ರೋಮಿನ ತತ್ತ್ವಜ್ಞಾನಿ ಸೆನೆಕ ಬಟ್ಟಲು ಚೆಂಡಿನ ಆಟದ ಬಗ್ಗೆ ಹೇಳಿದ್ದು ಇದನ್ನೇ: ಆ ವಂಚನೆಯೇ ತನಗೆ ಸಂತೋಷ ಕೊಡುತ್ತದೆ, ಹೇಗೆಂದು ತೋರಿಸಿಬಿಟ್ಟರೆ ಆಸಕ್ತಿ ಹೋಗುತ್ತದೆ ಎಂದು.

ತೆರೆಮರೆ:
ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಒಂದು ಕೈಯಲ್ಲಿದೆ ಎಂದದ್ದು ಇನ್ನೊಂದರಲ್ಲಿರಬಹುದು ಎನ್ನುವುದನ್ನು ಯಾವ ಮಗುವೂ ಊಹಿಸಬಲ್ಲದು. ಅದನ್ನು ಊಹಿಸಿಯೂ ನಂಬದಂತೆ ಮಾಡುವುದು ಹೇಗೆ ಎನ್ನುವುದೇ ಇಲ್ಲಿನ ವಿಷಯ, ಅದನ್ನು ಓದಿ ತಿಳಿದುಕೊಳ್ಳಲು ಆಗುವುದಿಲ್ಲ.

ಗುಟ್ಟುಕಾವಲು:
ಅಷ್ಟರ ಮಟ್ಟಿಗೆ ಒಪ್ಪಿಗೆ. ಪ್ರಯೋಗದ ಕೊನೆಯಲ್ಲಿ ಬಟ್ಟಲುಗಳ ಕೆಳಗೆ ಕಾಣಿಸಿಕೊಳ್ಳುವ ದೊಡ್ಡ ಚೆಂಡುಗಳು ಎಲ್ಲಿಂದ ಬರುತ್ತವೆ ಎನ್ನುವುದನ್ನು ಮಾತ್ರ ದಯವಿಟ್ಟು ಯಾರೂ ಬರೆಯಬೇಡಿ.

ಒಂದೇಕೈ:
ವೇಗದ ದೂರಿಗೆ ನನ್ನ ಬಳಿ ಬೇರೆ ಉತ್ತರವಿದೆ: ನಿಧಾನಿಸಿ. ಅರ್ಜೆಂಟೀನಾದ ರೆನೆ ಲವಾಂದ್ ಒಂಬತ್ತನೆಯ ವಯಸ್ಸಿನಲ್ಲಿ ಅಪಘಾತದಲ್ಲಿ ಬಲಗೈ ಕಳೆದುಕೊಂಡರು, ಉಳಿದ ಎಡಗೈಯಿಂದಲೇ 2015ರಲ್ಲಿ ತೀರಿಕೊಳ್ಳುವವರೆಗೂ ವಿಶ್ವವೇ ಮೆಚ್ಚುವ ಜಾದೂಗಾರರಾಗಿದ್ದರು. ಅವರ ಒಂದು ಹೆಸರಾಂತ ಪ್ರಯೋಗಕ್ಕೆ ಒಂದು ಬಟ್ಟಲು ಮತ್ತು ಮೂರು ಪುಟ್ಟ ಉಂಡೆಗಳು, ಅಷ್ಟೇ ಸಾಮಗ್ರಿ. ಒಂದನ್ನು ದೂರ ಎಸೆಯುತ್ತಾರೆ, ಬಟ್ಟಲಲ್ಲಿ ಮತ್ತೆ ಮೂರು. ಪುನಃ ಎಸೆಯುತ್ತಾರೆ, ಪುನಃ ಮೂರು. ಪ್ರತಿ ಬಾರಿ ಇನ್ನಷ್ಟು ನಿಧಾನ, ಇದಕ್ಕಿಂತ ನಿಧಾನವಾಗಿ ಮಾಡಲಾಗದು ಎಂದು ಹೇಳುತ್ತಲೇ ಇನ್ನೂ ನಿಧಾನ. ಕೈ ವೇಗ ಎಂದು ಹೇಳಲು ಅವರು ನೋಡುಗರಿಗೆ ದಾರಿಯನ್ನೇ ಉಳಿಸಿರಲಿಲ್ಲ.

ನಾನು ಅವರನ್ನು ನೋಡಿ ನನ್ನ ನಾಣ್ಯದ ಪ್ರಯೋಗವನ್ನು ಅರ್ಧ ವೇಗಕ್ಕೆ ಇಳಿಸಿದೆ. ಮೊದಲ ಆರು ತಿಂಗಳು ನರಕವಾಗಿತ್ತು. ವೇಗದಲ್ಲಿ ಮುಚ್ಚಿಹೋಗಿದ್ದ ಹದಿನಾಲ್ಕು ತಪ್ಪುಗಳು ಒಂದೊಂದಾಗಿ ಮೇಲೆದ್ದು ಬಂದವು. ಆದರೆ ಅವುಗಳನ್ನು ಕಾಣಲು ಬೇರೆ ಉಪಾಯ ನನಗೆ ಸಿಕ್ಕಿರಲಿಲ್ಲ.

ಎಡಗೈ:
ನಿಧಾನ ಎಲ್ಲರಿಗೂ ಒಪ್ಪುವುದಿಲ್ಲ. ಲವಾಂದ್ ಅವರ ನಿಧಾನಕ್ಕೆ ಅವರ ಧ್ವನಿ, ಕಥೆ, ವ್ಯಕ್ತಿತ್ವ ಆಸರೆಯಾಗಿದ್ದವು. ಬೇರೆಯವರು ಬರಿಯ ವೇಗವನ್ನು ತಗ್ಗಿಸಿದರೆ ಪ್ರಯೋಗ ಎಳೆದಾಡಿದಂತಾಗುತ್ತದೆ, ಇದನ್ನು ನಾನು ಹಲವು ವೇದಿಕೆಗಳಲ್ಲಿ ಕಂಡಿದ್ದೇನೆ.

ಒಂದೇಕೈ:
ವೇಗ ತಗ್ಗಿಸಿ ಎಂದು ಹೇಳಿದ್ದು ಅಭ್ಯಾಸದಲ್ಲಿ. ಪ್ರದರ್ಶನದಲ್ಲಿ ನಿಮ್ಮ ಸಹಜ ಲಯ ಯಾವುದೋ ಅದಕ್ಕೆ ಮರಳಬೇಕು.

ಹಳೆಗಂಟು:
ಸಹಜ ಎನ್ನುವ ಪದ ಬಂದದ್ದರಿಂದ ಒಂದು ಮಾತು. ಜಾದೂಗಾರ ಡಾಯ್ ವರ್ನನ್ (1894–1992) ಜೀವನವಿಡೀ ಶಿಷ್ಯರಿಗೆ ಹೇಳಿದ್ದು ಸಹಜವಾಗಿರಿ ಎಂದು. ಬಂಧನಗಳಿಂದ ಪಾರಾಗುವುದಕ್ಕೆ ಹೆಸರಾದ ಜಾದೂಗಾರ ಹೂಡಿನಿಯನ್ನು 1922ರಲ್ಲಿ ಶಿಕಾಗೋದಲ್ಲಿ ಒಂದೇ ಇಸ್ಪೀಟು ಎಲೆಯಿಂದ ಮತ್ತೆ ಮತ್ತೆ ತಬ್ಬಿಬ್ಬುಗೊಳಿಸಿದವರು ಇವರೇ. ಬಟ್ಟಲು ಚೆಂಡಿಗೆ ಅವರು ಕೊಟ್ಟ ಕ್ರಮವನ್ನು ಇಂದಿಗೂ ಎಷ್ಟೋ ಜನ ಅನುಸರಿಸುತ್ತಾರೆ. ಆದರೆ ಅವರ ಕ್ರಮವನ್ನು ಅವರ ಕೈಯ ಹಾಗೆಯೇ ಮಾಡಿದರೆ ಅದು ಅವರಿಗೆ ಸಹಜ, ನಮಗಲ್ಲ. ನನಗೆ ಅರವತ್ತೈದು ದಾಟಿದೆ, ಬೆಳಿಗ್ಗೆ ಬೆರಳಿನ ಗಂಟುಗಳು ಬಿಗಿದುಕೊಂಡಿರುತ್ತವೆ. ಮೂವತ್ತು ವರ್ಷ ಮಾಡಿದ ಚಲನೆಯೊಂದನ್ನು ಕಳೆದ ವರ್ಷ ಬಿಟ್ಟುಕೊಟ್ಟೆ. ಕಿರುಬೆರಳು ಮೊದಲಿನಂತೆ ಮಡಿಯದೆ ಕೈ ಸೆಟೆದಂತೆ ಕಾಣುತ್ತಿತ್ತು. ಅದರ ಜಾಗದಲ್ಲಿ ಬಹಳ ಸರಳವಾದ, ಹುಡುಗನಾಗಿದ್ದಾಗ ಕಲಿತ ಚಲನೆಯನ್ನು ಇಟ್ಟೆ. ಬಿಟ್ಟದ್ದಕ್ಕೆ ದುಃಖವಾಯಿತು, ನಿಜ. ಆದರೆ ಈಗ ಆ ಕ್ಷಣದಲ್ಲಿ ಯಾರೂ ನನ್ನ ಕೈ ನೋಡುವುದಿಲ್ಲ.

ಲೆಕ್ಕದಎಲೆ:
ಇದನ್ನು ಓದಿ ಮನಸ್ಸು ತುಂಬಿ ಬಂತು. ನಾನು ಮೂರು ವರ್ಷ ಕಲಿತ ಒಂದು ಇಸ್ಪೀಟು ಚಲನೆಯನ್ನು ತೆಗೆದುಹಾಕಲು ಇನ್ನೂ ಧೈರ್ಯ ಮಾಡಿಲ್ಲ, ಪ್ರಯೋಗಕ್ಕೆ ಅದು ಬೇಡವೆಂದು ತಿಳಿದು ಬಹಳ ದಿನಗಳಾಗಿವೆ. ಪಟ್ಟ ಕಷ್ಟಕ್ಕೆ ವೇದಿಕೆಯ ಮೇಲೆ ಬೆಲೆ ಸಿಗಲಿ ಎನ್ನುವ ಆಸೆ ಬಿಡುವುದಿಲ್ಲ.

ನೋಟದಜಾಡು:
ಕಾರ್ಡಿನಿ ಎಂಬ ಹೆಸರಿನಿಂದ ಪ್ರಸಿದ್ಧರಾದ ಜಾದೂಗಾರರು ಈ ಆಸೆಯನ್ನು ಹೇಗೆ ಗೆದ್ದರು ಎಂದು ನೋಡಿ. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರಾಗಿದ್ದಾಗ ಚಳಿಯ ಕಂದಕಗಳಲ್ಲಿ ಕೈಗವಸು ತೊಟ್ಟೇ ಇಸ್ಪೀಟಿನ ಅಭ್ಯಾಸ ಮಾಡಿದರು. ಅಷ್ಟು ಕಷ್ಟದ ಕೈಚಳಕವನ್ನು ಮೆರೆಸಲು ಯಾರಿಗಾದರೂ ಆಸೆಯಾದೀತು. ಆದರೆ ಅವರು ರಂಗದ ಮೇಲೆ ತಂದದ್ದು ಸ್ವಲ್ಪ ಅಮಲೇರಿದ ಒಬ್ಬ ಸಭ್ಯಸ್ಥನನ್ನು. ಕೈಯಲ್ಲಿ ಎಲೆಗಳೂ ಚೆಂಡುಗಳೂ ತಾವಾಗಿಯೇ ಹುಟ್ಟಿಕೊಳ್ಳುತ್ತವೆ, ಅವನಿಗೆ ಅದರಿಂದ ಕಿರಿಕಿರಿಯೇ ಹೊರತು ಹೆಮ್ಮೆಯಿಲ್ಲ. ಅದೊಂದೇ ಪ್ರದರ್ಶನವನ್ನು ದಶಕಗಳ ಕಾಲ ಮಾಡಿದರು. ನಾನು ಇದನ್ನು ಮಾಡುತ್ತಿದ್ದೇನೆ ಎನ್ನುವುದನ್ನು ಇದು ನನಗೆ ಆಗುತ್ತಿದೆ ಎಂದು ಬದಲಿಸಿದರೆ, ವೇಗವನ್ನು ಹೊಗಳಲು ಪ್ರೇಕ್ಷಕರಿಗೆ ಯಾರೂ ಸಿಗುವುದಿಲ್ಲ.

ಕನ್ನಡಿಗಣ್ಣು:
ಮೂರುಬಟ್ಟಲು ಅವರಿಗೆ ಒಂದು ಕೆಲಸದ ಸಲಹೆ. ಚೆಂಡನ್ನು ಇಪ್ಪತ್ತು ಬಾರಿ ನಿಜವಾಗಿಯೇ ಎಡಗೈಗೆ ಹಾಕಿ ವಿಡಿಯೊ ತೆಗೆಯಿರಿ. ಇಪ್ಪತ್ತು ಬಾರಿ ಹಾಕಿದಂತೆ ನಟಿಸಿಯೂ ತೆಗೆಯಿರಿ. ಎರಡನ್ನೂ ಬೆರೆಸಿ, ಧ್ವನಿಯಿಲ್ಲದೆ, ಜಾದೂ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ. ನಿಜವನ್ನು ಹೇಗೆ ಮಾಡುತ್ತೇವೆ ಎನ್ನುವುದು ವರ್ಷಗಳ ನಟನೆಯಲ್ಲಿ ನಮಗೆ ಮರೆತೇ ಹೋಗಿರುತ್ತದೆ.

ಮೂರುಬಟ್ಟಲು:
ಒಂದೂವರೆ ತಿಂಗಳ ಬಳಿಕ ಬರೆಯುತ್ತಿದ್ದೇನೆ. ಕನ್ನಡಿಗಣ್ಣು ಅವರ ಪರೀಕ್ಷೆಯನ್ನು ಮಾಡಿದೆ. ನಿಜವಾಗಿ ಹಾಕುವಾಗ ನನ್ನ ಬಲಗೈ ಕೊಂಚ ಹಿಂದುಳಿದು ಸಡಿಲವಾಗಿ ಕೆಳಗಿಳಿಯುತ್ತದೆ. ನಟಿಸುವಾಗ ಅದು ಅವಸರದಿಂದ ಹಿಂದೆ ಸರಿಯುತ್ತದೆ. ಹನ್ನೊಂದು ವರ್ಷ ನಾನು ತಿದ್ದಿದ್ದು ನಟನೆಯ ಪ್ರತಿಯನ್ನು, ಮೂಲವನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ.

ಇದಾದ ಮೇಲೆ ಐದು ಪ್ರದರ್ಶನಗಳನ್ನು ಕೊಟ್ಟೆ. ಮೊದಲ ಎರಡು ಕೆಟ್ಟವು. ಎಡಗೈಯನ್ನು ನೋಡಬೇಕು ಎಂದು ನೆನಪಿಟ್ಟುಕೊಂಡು ನೋಡಿದ್ದರಿಂದ ಅದು ದಿಟ್ಟಿಸಿದಂತಾಯಿತು, ಒಬ್ಬ ಹುಡುಗ ಆ ಕೈಯಲ್ಲಿ ಏನೂ ಇಲ್ಲ ಎಂದು ಕೂಗಿಯೇಬಿಟ್ಟ. ಮೂರನೆಯದರಲ್ಲಿ ಕ್ರಮವನ್ನು ಸ್ವಲ್ಪ ಬದಲಿಸಿ, ಮೊದಲ ಬಾರಿ ಚೆಂಡನ್ನು ನಿಜವಾಗಿಯೇ ಎಡಗೈಗೆ ಹಾಕಿ, ತೆರೆದು ತೋರಿಸಿ, ಬಳಿಕ ನಟನೆಗೆ ಹೋದೆ. ನಿಜದ ತೂಕ ಅಂಗೈಗೆ ಇನ್ನೂ ನೆನಪಿದ್ದುದರಿಂದ ಕಣ್ಣು ತಾನಾಗಿ ಅಲ್ಲಿಗೆ ಹೋಯಿತು. ಐದನೆಯ ಪ್ರದರ್ಶನದಲ್ಲಿ, ಎರಡು ವರ್ಷಗಳ ನಂತರ, ಮುಂದಿನ ಸಾಲಿನ ಒಬ್ಬ ಹೆಂಗಸು ಕೇಳದೆಯೇ ಕೈಚಾಚಿ ನಡುವಿನ ಬಟ್ಟಲನ್ನು ಎತ್ತಿಕೊಂಡು ಒಳಗೆ ನೋಡಿದರು. ನನ್ನ ಮಾತು ಅಲ್ಲಿಯೇ ನಿಂತುಹೋಯಿತು.

ಎಲ್ಲವೂ ಸರಿಹೋಗಿದೆ ಎಂದಲ್ಲ. ಮೂರೂ ಚೆಂಡುಗಳು ಒಂದೇ ಬಟ್ಟಲಿನಡಿ ಸೇರುವ ಮೂರನೆಯ ಘಟ್ಟದಲ್ಲಿ ವೇಗದ ಮಾತು ಇನ್ನೂ ಕೇಳುತ್ತದೆ. ಆ ಘಟ್ಟವನ್ನೇ ತೆಗೆದುಹಾಕಬೇಕೆಂದಿದ್ದೇನೆ.

ತೆರೆಮರೆ:
ತೆಗೆಯುವ ಮುನ್ನ ನೋಡಿದವರನ್ನು ಎರಡು ದಿನ ಬಿಟ್ಟು ಕೇಳಿ. ಆ ಘಟ್ಟ ಅವರ ಕಥೆಯಲ್ಲಿ ಬಂದರೆ ಉಳಿಸಿ, ತಿದ್ದಿ.

ಹಳೆಗಂಟು:
ನನ್ನ ಅಭಿಪ್ರಾಯ ಬೇರೆ. ಮೊದಲು ಹತ್ತು ಪ್ರದರ್ಶನಗಳಲ್ಲಿ ಅದಿಲ್ಲದೆ ಮಾಡಿ. ಇಲ್ಲದಾಗ ಕೊರತೆ ಕಂಡರೆ ಮತ್ತೆ ಸೇರಿಸಬಹುದು, ಕೈಯೇನೂ ಅದನ್ನು ಮರೆಯುವುದಿಲ್ಲ.

ಮೂರುಬಟ್ಟಲು:
ಹತ್ತು ಪ್ರದರ್ಶನಗಳಲ್ಲಿ ಅದಿಲ್ಲದೆ ಮಾಡುತ್ತೇನೆ, ಪ್ರತಿಯೊಂದರಲ್ಲೂ ಒಬ್ಬರನ್ನಾದರೂ ಎರಡು ದಿನ ಬಿಟ್ಟು ಕೇಳುತ್ತೇನೆ. ಟಿಪ್ಪಣಿ ಪುಸ್ತಕದ ಪುಟದ ನಡುವೆ ಇಂದೇ ಗೆರೆ ಎಳೆದಿದ್ದೇನೆ.